ಕೆಂಪು ಕೇಕ್ ಕೇಳುವವರಿಗೂ ಮಾಡುವವರಿಗೂ

ಸಂಪಾದಕರಿಗೆ ನಮಸ್ಕಾರ.

ಕೇಕಿಗೆ ಹಾಕುವ ಬಣ್ಣದ ಬಗ್ಗೆ ಪತ್ರಿಕೆಯಲ್ಲಿ ಆಗಾಗ ಸುದ್ದಿ ಬರುತ್ತದೆ. ಬಂದಾಗಲೆಲ್ಲ ಬೇಕರಿಯವರಿಗೆ ಒಂದು ಸುತ್ತು ಬೈಗುಳ ಬೀಳುತ್ತದೆ. ಆಮೇಲೆ ಎಲ್ಲರೂ ಮರೆಯುತ್ತಾರೆ. ಮುಂದಿನ ವಾರ ಅದೇ ಬೈದವರು ಫೋನಿನಲ್ಲಿ ಕಡುಗೆಂಪು ಕೇಕಿನ ಫೋಟೊ ತೋರಿಸಿ, 'ಅಕ್ಕಾ, ಇದೇ ಬಣ್ಣ ಬರಬೇಕು, ಒಂಚೂರೂ ತಿಳಿ ಆಗಬಾರದು' ಎನ್ನುತ್ತಾರೆ. ನಾನು ಹಾಸನದಲ್ಲಿ ಮನೆಯಲ್ಲೇ ಕೇಕ್ ಮಾಡಿ ಕೊಡುವವಳು. ಎರಡೂ ಕಡೆಯ ಮಾತು ದಿನಾ ಕಿವಿಗೆ ಬೀಳುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿಸುವುದಿದ್ದರೆ ಬೈಗುಳ ಇರುವ ಜಾಗ ಕತ್ತರಿಸಿ, ಲೆಕ್ಕ ಇರುವ ಜಾಗ ಬಿಡಿ.

ಹೇಳಬೇಕಾದ್ದು ಇಷ್ಟೇ. ಕೇಳಿದ ಬಣ್ಣ ಬರಲಿಲ್ಲ ಅಂತ ಬಾಟಲಿ ಒತ್ತುತ್ತಾ ಹೋಗುವುದು ಕೆಲಸ ಗೊತ್ತಿಲ್ಲದವರ ದಾರಿ. ಬಣ್ಣ ಕೂಡಿಸುವುದು ಗೊತ್ತಿದ್ದರೆ ಅರ್ಧಕ್ಕಿಂತ ಕಡಿಮೆಯಲ್ಲೇ ಕೆಲಸ ಮುಗಿಯುತ್ತದೆ. ಕೆಲವು ಬಣ್ಣಗಳಂತೂ ಕಾನೂನಿನ ಮಿತಿಯೊಳಗೆ ಬಿಳಿ ಕ್ರೀಮಿನಲ್ಲಿ ಬರುವುದೇ ಇಲ್ಲ. ಇದನ್ನು ಗಿರಾಕಿಗೆ ಬಾಯಿಬಿಟ್ಟು ಹೇಳುವ ಧೈರ್ಯ ನಮ್ಮಂಥವರಿಗೆ ಬರಬೇಕು.

2024 ನೆನಪಿದೆಯಲ್ಲ? ಆ ವರ್ಷ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ ಆದೇಶ ಮಾಡಿತು. ಬಾಂಬೆ ಮಿಠಾಯಿಯಲ್ಲಿ ರೋಡಮೈನ್ ಬಿ ಸಿಕ್ಕಿತ್ತು, ಅದು ಬಟ್ಟೆಗೆ ಹಾಕುವ ಬಣ್ಣ. ಜೂನ್‌ನಲ್ಲಿ ಕಬಾಬ್ ಸರದಿ. ಅಕ್ಟೋಬರ್ ಹೊತ್ತಿಗೆ ನಮ್ಮ ಬುಡಕ್ಕೇ ಬಂತು. ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಂದ 235 ಕೇಕ್ ಮಾದರಿ ತಂದು ಪರೀಕ್ಷೆ ಮಾಡಿಸಿತು. 223 ಸರಿ ಇದ್ದವು, 12ರಲ್ಲಿ ಬಣ್ಣ ಮಿತಿ ಮೀರಿತ್ತು. ಹೆಸರು ಕೆಟ್ಟಿದ್ದು ಮುಖ್ಯವಾಗಿ ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನದು. ಆ ವಾರ ನನಗೆ ಬಂದ ಫೋನೆಲ್ಲ ಒಂದೇ ಥರ. 'ನೀವು ಬಣ್ಣ ಹಾಕಲ್ಲ ತಾನೇ?' ಹಾಕುತ್ತೇನೆ. ಯಾವುದು, ಎಷ್ಟು ಅಂತ ಕೇಳಿ, ಹೇಳುತ್ತೇನೆ. ಆದರೆ ಅದನ್ನು ಯಾರೂ ಕೇಳಲ್ಲ.

ಯಾವುದು ಅನ್ನುವುದು ಸುಲಭ. ನಮ್ಮ ದೇಶದ ಆಹಾರದಲ್ಲಿ ಬಳಸಬಹುದು ಅಂತ ಬಹಳ ಹಿಂದಿನಿಂದ ಪಟ್ಟಿಯಲ್ಲಿರುವ ಕೃತಕ ಬಣ್ಣ ಎಂಟು. ಕೆಂಪಿಗೆ ಪೊನ್ಸೊ 4ಆರ್, ಕಾರ್ಮೋಸಿನ್, ಎರಿಥ್ರೋಸಿನ್. ಹಳದಿಗೆ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ. ನೀಲಿಗೆ ಬ್ರಿಲಿಯಂಟ್ ಬ್ಲೂ, ಇಂಡಿಗೊ ಕಾರ್ಮೈನ್. ಹಸಿರಿಗೆ ಫಾಸ್ಟ್ ಗ್ರೀನ್. ಬಾಟಲಿ ಮೇಲೆ ಇವು ನಂಬರಿನಲ್ಲಿ ಇರುತ್ತವೆ: 124, 122, 127, 102, 110, 133, 132, 143. ಅಂಗಡಿಯಲ್ಲಿ 'ಪೀಚ್', 'ಟೀಲ್', 'ರಾಯಲ್ ಪರ್ಪಲ್' ಅಂತ ಚೆಂದದ ಹೆಸರಿನ ಇಪ್ಪತ್ತು ಮೂವತ್ತು ಬಾಟಲಿ ಜೋಡಿಸಿಟ್ಟಿರುತ್ತಾರಲ್ಲ, ಹಿಂದೆ ತಿರುಗಿಸಿ ನೋಡಿ, ಬಹುಪಾಲು ಇವೇ ನಂಬರುಗಳು ಅದಲುಬದಲಾಗಿ ಕೂತಿರುತ್ತವೆ. ಹೊಸದಾಗಿ ಕೇಕ್ ಕಲಿಯುವ ಹುಡುಗಿಯರು ಆ ಇಪ್ಪತ್ತನ್ನೂ ಕೊಳ್ಳುತ್ತಾರೆ. ಕೆಂಪು, ಗುಲಾಬಿ, ಹಳದಿ, ನೀಲಿ, ನೇರಳೆ, ಕಂದು ಇಷ್ಟಿದ್ದರೆ ಸಾಕು ಕಣ್ರೀ, ಉಳಿದದ್ದು ನಿಮ್ಮ ಬಟ್ಟಲಲ್ಲೇ ಹುಟ್ಟುತ್ತದೆ.

ಎಷ್ಟು ಅನ್ನುವುದು ಕಷ್ಟ. ಸಾಮಾನ್ಯವಾಗಿ ಹೇಳುವ ಮಿತಿ ಒಂದು ಕೆಜಿ ಆಹಾರಕ್ಕೆ 100 ಮಿಲಿಗ್ರಾಂ, ಅದೂ ಎಲ್ಲಾ ಬಣ್ಣ ಸೇರಿ. 100 ಮಿಲಿಗ್ರಾಂ ಅಂದರೆ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಈಗ ನಮ್ಮ ಕೈಯಲ್ಲಿರುವುದು ಜೆಲ್. ಅದರಲ್ಲಿ ನೀರು, ಸಕ್ಕರೆ, ಗ್ಲಿಸರಿನ್ ಎಲ್ಲ ಇರುತ್ತದೆ, ನಿಜವಾದ ಬಣ್ಣ ಸ್ವಲ್ಪವೇ. ಒಂದು ಬಾಟಲಿಯಲ್ಲಿ ನೂರಕ್ಕೆ 10ರಷ್ಟು ಬಣ್ಣ ಇದೆ ಅಂತಿಟ್ಟುಕೊಳ್ಳಿ. ಒಂದು ಗ್ರಾಂ ಜೆಲ್‌ನಲ್ಲಿ 100 ಮಿಲಿಗ್ರಾಂ ಬಣ್ಣ ಆಯಿತು. ಒಂದು ಕೆಜಿ ಕೇಕಿನ ಮೇಲೆ ಸುಮಾರು 300 ಗ್ರಾಂ ಬಣ್ಣದ ಕ್ರೀಮ್ ಹೋಗುತ್ತದೆ. ಲೆಕ್ಕ ಇಡೀ ಕೇಕಿಗೋ ಕ್ರೀಮಿಗೋ ಅಂತ ವಾದ ಮಾಡುತ್ತಾ ಕೂರುವವರಿದ್ದಾರೆ. ನಾನಂತೂ ಕ್ರೀಮಿಗೇ ಹಿಡಿಯುತ್ತೇನೆ, ಯಾಕೆಂದರೆ ಮಕ್ಕಳು ಕೇಕ್ ಬಿಟ್ಟು ಮೇಲಿನ ಕ್ರೀಮನ್ನೇ ನೆಕ್ಕುತ್ತಾರೆ. ಹಾಗೆ ಹಿಡಿದರೆ 300 ಗ್ರಾಮಿಗೆ 30 ಮಿಲಿಗ್ರಾಂ, ಅಂದರೆ ಆ ಜೆಲ್ ಬರೀ 0.3 ಗ್ರಾಂ. ಇದನ್ನು ಕಣ್ಣಂದಾಜಿನಲ್ಲಿ ಹಾಕಲಾಗದು. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅಂಗೈಯಷ್ಟೇ ಇರುತ್ತದೆ, ಬೆಲೆಯೂ ಕ್ರೀಮ್ ಹೂವು ಬಿಡಿಸುವ ಒಂದು ಒಳ್ಳೆ ನಾಜಲ್ ಸೆಟ್‌ಗಿಂತ ಜಾಸ್ತಿ ಇಲ್ಲ. ಹಾಳೆಯ ಚೂರಿಗೆ ಜೆಲ್ ಹಚ್ಚಿ ತೂಗಿ, ಕ್ರೀಮಿಗೆ ಸವರಿ, ಮತ್ತೆ ಅದೇ ಹಾಳೆ ತೂಗಿದರೆ ಎಷ್ಟು ಹೋಯಿತು ಗೊತ್ತಾಗುತ್ತದೆ.

ಆ 0.3 ಗ್ರಾಮಿನಲ್ಲಿ 300 ಗ್ರಾಂ ಬಿಳಿ ಕ್ರೀಮ್ ಏನಾಗುತ್ತದೆ ಅಂತ ಒಮ್ಮೆ ಮಾಡಿ ನೋಡಿ. ಒಳ್ಳೆ ಗುಲಾಬಿ ಆಗುತ್ತದೆ. ಕುಂಕುಮದ ಕೆಂಪು ಆಗಲ್ಲ. ಎಷ್ಟು ಬೀಟ್ ಮಾಡಿದರೂ ಆಗಲ್ಲ. ಹಳದಿಯ ಕಥೆ ಬೇರೆ, ಅದು ಬೇಗ ಹತ್ತುತ್ತದೆ. ನವೆಂಬರ್ ಒಂದರ ಕೇಕ್‌ಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅರಿಶಿನ ಕುಂಕುಮದ ಬಾವುಟ ಬಿಡಿಸಿ ಕೊಡಿ ಅಂತ ಶಾಲೆಯವರು, ಆಟೊ ಸ್ಟ್ಯಾಂಡಿನವರು, ಬ್ಯಾಂಕಿನವರು ಎಲ್ಲಾ ಕೇಳುತ್ತಾರೆ. ಅರಿಶಿನದ ಅರ್ಧ ಐದು ನಿಮಿಷದಲ್ಲಿ ತಯಾರು. ಕುಂಕುಮದ ಅರ್ಧಕ್ಕೆ ಅರ್ಧ ಬಾಟಲಿ ಹೋಗುತ್ತದೆ, ಆಮೇಲೂ ಅದು ಕಡು ಗುಲಾಬಿಯೇ, ಬಾಯಿಗಿಟ್ಟರೆ ಕಹಿ, ನಾಲಿಗೆ ಸಂಜೆವರೆಗೂ ಕೆಂಪು. ಇನ್ನು ಫ್ರಿಜ್‌ನಿಂದ ಹೊರಗೆ ತಂದ ಮೇಲೆ ನೀರು ಬೆವೆತು ಕೆಂಪು ಹಳದಿಗೆ ಇಳಿದರಂತೂ ಬಾವುಟದ ಗತಿ ಕೇಳಬೇಡಿ.

ಯಾಕೆ ಹೀಗೆ? ಕ್ರೀಮ್ ಬೆಳ್ಳಗಿರುವುದೇ ಅದರಲ್ಲಿರುವ ಗಾಳಿಗುಳ್ಳೆ, ಕೊಬ್ಬಿನ ಕಣಗಳು ಬೆಳಕನ್ನು ಎಲ್ಲಾ ಕಡೆ ಚದುರಿಸುವುದರಿಂದ. ಜಾಸ್ತಿ ಬೀಟ್ ಮಾಡಿದಷ್ಟೂ ಗಾಳಿ ಜಾಸ್ತಿ, ಬಿಳುಪು ಜಾಸ್ತಿ. ಅಷ್ಟು ಬಿಳುಪಿನ ಜೊತೆ ಬಣ್ಣ ಗುದ್ದಾಡಬೇಕು. ಅದೇ ಬಣ್ಣವನ್ನು ಪಾರದರ್ಶಕ ಗ್ಲೇಜ್‌ಗೆ, ಅಂದರೆ ಪೇಸ್ಟ್ರಿ ಮೇಲೆ ಹೊಳೆಯುತ್ತಲ್ಲ ಆ ಜೆಲ್ಲಿಯಂಥದ್ದಕ್ಕೆ, ಚೂರೇ ಚೂರು ಹಾಕಿ ನೋಡಿ. ಅಲ್ಲಿ ಬಿಳುಪು ಇಲ್ಲ, ಬೆಳಕು ಒಳಗೆ ಹೋಗಿ ಬರುತ್ತದೆ, ಕೆಂಪು ಗಾಜಿನ ಬಳೆಯ ಹಾಗೆ ಕೆಂಪಗೆ ಕಾಣುತ್ತದೆ. ಸ್ಟ್ರಾಬೆರಿಯನ್ನೇ ಸಕ್ಕರೆ ಹಾಕಿ ಕುದಿಸಿ ಸೋಸಿ ಗ್ಲೇಜ್ ಮಾಡಿದರೆ ಬಾಟಲಿ ತೆಗೆಯುವುದೇ ಬೇಡ. ಹಾಗಾಗಿ ನಾನು ಈಗ ರಾಜ್ಯೋತ್ಸವದ ಕೇಕಿಗೆ ಹಳದಿ ಭಾಗವನ್ನು ಕ್ರೀಮಿನಲ್ಲಿ ಮಾಡಿ, ಕೆಂಪು ಭಾಗದಲ್ಲಿ ತೆಳ್ಳಗೆ ತಿಳಿಗುಲಾಬಿ ಕ್ರೀಮ್ ಬಳಿದು, ಮೇಲೆ ಕೆಂಪು ಗ್ಲೇಜ್ ಹಾಕುತ್ತೇನೆ. ಎರಡರ ನಡುವೆ ಕ್ರೀಮಿನದೇ ಒಂದು ಸಣ್ಣ ದಾರದಂಥ ಕಟ್ಟೆ. ನೋಡಿದವರು ಕೆಂಪು ಇನ್ನೂ ಚೆಂದ ಬಂದಿದೆ ಅಂತಲೇ ಹೇಳಿದ್ದಾರೆ.

ಬೆಣ್ಣೆ, ಸಕ್ಕರೆ ಕಲಸಿ ಬಟರ್‌ಕ್ರೀಮ್ ಮಾಡುವವರಿಗೆ ಬೇರೆಯದೇ ತಾಪತ್ರಯ. ಬೆಣ್ಣೆಯದೇ ಒಂದು ಬಣ್ಣ ಇರುತ್ತದಲ್ಲ. ಹಸುವಿನ ಬೆಣ್ಣೆ ಹಳದಿ, ಎಮ್ಮೆ ಬೆಣ್ಣೆ ಬಿಳಿ, ಇದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಹುಲ್ಲಿನಲ್ಲಿರುವ ಕ್ಯಾರೋಟಿನ್ ಹಸುವಿನ ಹಾಲಿಗೆ ಹಾಗೇ ಇಳಿಯುತ್ತದೆ, ಎಮ್ಮೆ ಅದನ್ನು ಒಳಗೇ ವಿಟಮಿನ್ ಎ ಮಾಡಿಬಿಡುತ್ತದೆ. ಪೊಟ್ಟಣದ ಅಮುಲ್ ಉಪ್ಪು ಬೆಣ್ಣೆಗಂತೂ ಅನಾಟೊ ಎಂಬ ಬೀಜದ ಬಣ್ಣ ಸೇರಿಸಿರುತ್ತಾರೆ, ಪೊಟ್ಟಣದ ಮೇಲೇ ಬರೆದಿದೆ. ಇಂಥ ಹಳದಿ ಬೆಣ್ಣೆಗೆ ಆಕಾಶನೀಲಿ ಹಾಕಿದರೆ ಅದು ಪಾಚಿ ಕಡೆ ಹೋಗುತ್ತದೆ. ಗುಲಾಬಿ ಹಾಕಿದರೆ ಪೀಚ್ ಆಗುತ್ತದೆ. ಬಣ್ಣ ಸರಿಯಿಲ್ಲ ಅಂತ ಇನ್ನೊಂದಿಷ್ಟು ನೀಲಿ ಸುರಿಯುತ್ತಾರೆ, ಅದು ಇನ್ನೊಂದಿಷ್ಟು ಹಸಿರಾಗುತ್ತದೆ. ಉಪ್ಪಿಲ್ಲದ ಬಿಳಿ ಬೆಣ್ಣೆ ತಗೊಂಡು, ಸಕ್ಕರೆ ಹಾಕುವ ಮೊದಲೇ ಚೆನ್ನಾಗಿ, ನಿಜಕ್ಕೂ ಚೆನ್ನಾಗಿ ಬೀಟ್ ಮಾಡಿದರೆ ಅರ್ಧ ಹಳದಿ ಹೋಗುತ್ತದೆ. ಉಳಿದದ್ದಕ್ಕೆ ಹಲ್ಲುಕಡ್ಡಿಯ ತುದಿಯಲ್ಲಿ ನೇರಳೆ ಮುಟ್ಟಿಸಿದರೆ ಸಾಕು. ಹಳದಿಯ ಎದುರು ಬಣ್ಣ ನೇರಳೆ, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಜಾಸ್ತಿ ಆದರೆ ಬೂದಿ ಬಣ್ಣ ಆಗುತ್ತದೆ, ಅಲ್ಲಿಗೆ ಆ ಬಟ್ಟಲು ಚಾಕೊಲೇಟ್ ಕ್ರೀಮಿಗೆ ಮೀಸಲು.

ಎದುರು ಬಣ್ಣದ ಈ ವಿದ್ಯೆ ಗೊತ್ತಿಲ್ಲದೆ ಸೀರೆ ಬಣ್ಣದ ಕೇಕ್ ಮಾಡಲು ಆಗುವುದೇ ಇಲ್ಲ. ಈಗ ಅದೇ ಫ್ಯಾಷನ್. ಸೀಮಂತಕ್ಕೆ, ನಿಶ್ಚಿತಾರ್ಥಕ್ಕೆ, ಇಪ್ಪತ್ತೈದನೇ ವರ್ಷದ ಮದುವೆ ದಿನಕ್ಕೆ ಉಡುವ ಸೀರೆಯ ಫೋಟೊ ಕಳಿಸಿ ಕೇಕೂ ಅದೇ ಬಣ್ಣ ಇರಲಿ ಅನ್ನುತ್ತಾರೆ. ರಾಮಾ ಗ್ರೀನ್, ಮೆಹೆಂದಿ ಗ್ರೀನ್, ಈರುಳ್ಳಿ ಸಿಪ್ಪೆ ಬಣ್ಣ, ಅಡಿಕೆ ಬಣ್ಣ, ಬದನೆಕಾಯಿ ಬಣ್ಣ. ಇವು ಯಾವುದೂ ಬಾಟಲಿಯಲ್ಲಿ ಸಿಗಲ್ಲ, ಸಿಕ್ಕರೂ ಸೀರೆಯದು ಬೇರೆ ಬಾಟಲಿಯದು ಬೇರೆ. ಸೀರೆ ಬಣ್ಣದಲ್ಲಿ ಒಂದು ಮಾಗಿದ ಗುಣ ಇರುತ್ತದೆ. ಬಾಟಲಿ ಬಣ್ಣ ಕಣ್ಣಿಗೆ ಚುಚ್ಚುತ್ತದೆ. ಅದನ್ನು ಮಾಗಿಸಲು ಬೇಕಾದ್ದು ಎದುರು ಬಣ್ಣದ ಒಂದು ಚುಕ್ಕೆ.

ಈರುಳ್ಳಿ ಸಿಪ್ಪೆ ಬಣ್ಣವನ್ನೇ ತಗೊಳ್ಳಿ. ಮೊದಲು ಬಿಳಿ ಕ್ರೀಮಿನಲ್ಲಿ ಎರಡು ದೊಡ್ಡ ಚಮಚ ಪಕ್ಕಕ್ಕೆ ತೆಗೆದಿಡಿ, ಇದು ಆಪತ್ತಿಗೆ. ಸಣ್ಣ ಬಟ್ಟಲಲ್ಲಿ ಇನ್ನೆರಡು ಚಮಚ ಕ್ರೀಮ್ ತಗೊಂಡು ಅದಕ್ಕೆ ಮಾತ್ರ ಗುಲಾಬಿ ಹಾಕಿ, ಬೇಕಾದ್ದಕ್ಕಿಂತ ಕಡುವಾಗಿ ಕಲಸಿ. ಚಮಚದ ಹಿಂಭಾಗದಿಂದ ಬಟ್ಟಲ ಗೋಡೆಗೆ ಒತ್ತಿ ಒತ್ತಿ ಕಲಸಬೇಕು, ಇಲ್ಲದಿದ್ದರೆ ಅಲ್ಲೊಂದು ಇಲ್ಲೊಂದು ಕಡು ಗೆರೆ ಉಳಿದು ಪೈಪಿಂಗ್ ಮಾಡುವಾಗ, ಅಂದರೆ ಕ್ರೀಮನ್ನು ಒತ್ತಿ ಹೂವು ಬಳ್ಳಿ ಬಿಡಿಸುವಾಗ, ಹೊರಗೆ ಬರುತ್ತದೆ. ಈಗ ಹಲ್ಲುಕಡ್ಡಿಯಲ್ಲಿ ಕಂದು ಮುಟ್ಟಿಸಿ. ಕಂದು ಇಲ್ಲದಿದ್ದರೆ ಹಸಿರಿನ ಒಂದು ಚುಕ್ಕೆಯೂ ಆಗುತ್ತದೆ. ಗುಲಾಬಿಯ ಅಬ್ಬರ ತಟ್ಟನೆ ಇಳಿಯುವುದು ಕಣ್ಣೆದುರೇ ಕಾಣುತ್ತದೆ. ಈ ಕಡು ಮುದ್ದೆಯನ್ನು ದೊಡ್ಡ ಬಟ್ಟಲಿನ ಬಿಳಿಗೆ ಅರ್ಧ ಅರ್ಧ ಚಮಚ ಸೇರಿಸುತ್ತಾ ಬನ್ನಿ. ಬಿಳಿಗೆ ನೇರವಾಗಿ ಬಾಟಲಿ ಒತ್ತಿದರೆ ಒಂದು ಹನಿ ಜಾಸ್ತಿ ಬಿದ್ದರೂ ಸರಿಮಾಡಲು ಇನ್ನರ್ಧ ಕೆಜಿ ಕ್ರೀಮ್ ಬೇಕು. ರಾಮಾ ಗ್ರೀನ್‌ಗೆ ನೀಲಿ ಎರಡು ಪಾಲು, ಹಸಿರು ಒಂದು ಪಾಲು, ಕೊನೆಗೆ ಅದೇ ಕಂದು ಚುಕ್ಕೆ. ಮೆಹೆಂದಿಗೆ ಹಳದಿ ಮುಂದಾದ ಹಸಿರು, ಕಂದು ಒಂಚೂರು ಜಾಸ್ತಿ. ಅಡಿಕೆ ಬಣ್ಣಕ್ಕೆ ಕೋಕೋ ಪುಡಿ, ಅದಕ್ಕೆ ಕೆಂಪಿನ ಸುಳಿವು, ಅಷ್ಟೇ.

ವಿಪ್ಪಿಂಗ್ ಕ್ರೀಮ್‌ನವರು ಇನ್ನೊಂದು ಗಮನಿಸಬೇಕು. ಪೂರ್ತಿ ಗಟ್ಟಿ ಮಾಡಿಕೊಂಡು ಆಮೇಲೆ ಬಣ್ಣ ಕಲಸುತ್ತಾ ಕೂತರೆ, ಬಣ್ಣ ಸರಿ ಬರುವ ಹೊತ್ತಿಗೆ ಕ್ರೀಮ್ ತರಿತರಿ ಆಗಿರುತ್ತದೆ. ಮೆತ್ತಗೆ ತುದಿ ಬಾಗುವ ಹಂತದಲ್ಲೇ ಬಣ್ಣ ಸೇರಿಸಿ, ಆಮೇಲೆ ಗಟ್ಟಿ ಮಾಡಿ.

ಇನ್ನು ಕಾಯುವುದು. ಯಾರಿಗೂ ಪುರುಸೊತ್ತಿಲ್ಲ, ಆದರೆ ಅರ್ಧ ಬಾಟಲಿ ಉಳಿಸುವುದು ಇದೇ. ಬಟರ್‌ಕ್ರೀಮಿನಲ್ಲಿ ಬಣ್ಣ ಕಲಸಿದ ಕೂಡಲೇ ಕಾಣುವುದು ನಿಜವಾದ ಬಣ್ಣ ಅಲ್ಲ. ಜೆಲ್ ನಿಧಾನವಾಗಿ ಕರಗಿ ಹರಡುತ್ತದೆ, ಒಂದೆರಡು ಗಂಟೆಯಲ್ಲಿ ಒಂದು ಮೆಟ್ಟಿಲು ಕಡುವಾಗುತ್ತದೆ. ಕೆಂಪು, ಕಪ್ಪು, ಕಡುನೀಲಿಯನ್ನು ಹಿಂದಿನ ರಾತ್ರಿಯೇ ಕಲಸಿ ಮುಚ್ಚಿಟ್ಟರೆ ಬೆಳಿಗ್ಗೆ ನೀವೇ ಬೆಚ್ಚುತ್ತೀರಿ. ಅವಸರ ಇದ್ದರೆ ಬಣ್ಣದ ಬಟರ್‌ಕ್ರೀಮಿನಲ್ಲಿ ಕಾಲು ಭಾಗ ತೆಗೆದು ಮೈಕ್ರೋವೇವ್‌ನಲ್ಲಿ ಹತ್ತು ಸೆಕೆಂಡ್ ಕರಗಿಸಿ ಮತ್ತೆ ಅದಕ್ಕೇ ಸೇರಿಸಿ ಬೀಟ್ ಮಾಡಿ, ಹೊಸ ಬಣ್ಣ ಹಾಕದೆಯೇ ಕಡುವಾಗುತ್ತದೆ. ವಿಪ್ಪಿಂಗ್ ಕ್ರೀಮಿಗೆ ಇದನ್ನು ಮಾಡಲು ಹೋಗಬೇಡಿ, ನೀರಾಗುತ್ತದೆ.

ಬೆಳಕೂ ಮೋಸ ಮಾಡುತ್ತದೆ. ಅಡುಗೆಮನೆಯ ಟ್ಯೂಬ್‌ಲೈಟ್‌ನಲ್ಲಿ ಲ್ಯಾವೆಂಡರ್, ಅಂದರೆ ತಿಳಿನೇರಳೆ, ಅಂತ ಕಂಡದ್ದು ಛತ್ರದ ಹಳದಿ ದೀಪದಲ್ಲಿ ಕೊಳಕು ಬೂದಿಯಾಗಿ ಕಾಣುತ್ತದೆ. ಕಿಟಕಿ ಹತ್ತಿರ ಹಗಲು ಬೆಳಕಲ್ಲಿ, ಬಿಳಿ ತಟ್ಟೆಯಲ್ಲಿ ಸವರಿ ನೋಡಬೇಕು. ಕಾರ್ಯಕ್ರಮ ರಾತ್ರಿ, ಛತ್ರದಲ್ಲಿ ಅಂತ ಗೊತ್ತಿದ್ದರೆ ಹಳದಿ ಬಲ್ಬಿನ ಕೆಳಗೂ ಒಮ್ಮೆ ಹಿಡಿದು ನೋಡಿ, ಗುಲಾಬಿಯನ್ನು ಕೂದಲೆಳೆಯಷ್ಟು ಮುಂದೆ ಮಾಡಿದರೆ ಸರಿಹೋಗುತ್ತದೆ. ಲ್ಯಾವೆಂಡರ್‌ಗೆ ಇನ್ನೊಂದು ಶನಿ ಇದೆ. ಅದರಲ್ಲಿರುವ ಗುಲಾಬಿ ಎರಿಥ್ರೋಸಿನ್ ಆಗಿದ್ದರೆ ಬೆಳಕಿಗೆ ಬೇಗ ಮಾಸುತ್ತದೆ, ನೀಲಿ ಹಾಗೇ ಉಳಿಯುತ್ತದೆ. ಬೆಳಿಗ್ಗೆ ಲ್ಯಾವೆಂಡರ್ ಆಗಿದ್ದ ಕೇಕ್ ಸಂಜೆಗೆ ಬೂದುನೀಲಿ. ಗಾಜಿನ ಶೋಕೇಸಿನಲ್ಲಿ ದೀಪದ ಕೆಳಗೆ ಇಟ್ಟ ಕೇಕ್‌ಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಇದಕ್ಕೂ ಮದ್ದು ಜಾಸ್ತಿ ಬಣ್ಣ ಅಲ್ಲ, ಡಬ್ಬಿ ಮುಚ್ಚಿಡುವುದು.

ಎರಿಥ್ರೋಸಿನ್ ಹೆಸರು ಬಂತಲ್ಲ, ಅಮೆರಿಕದವರು 2025ರ ಜನವರಿಯಲ್ಲಿ ಅದಕ್ಕೆ ಕೊಟ್ಟಿದ್ದ ಅನುಮತಿ ಹಿಂದಕ್ಕೆ ಪಡೆದರು, ಆಹಾರ ತಯಾರಕರಿಗೆ 2027ರ ಜನವರಿವರೆಗೆ ಗಡುವು. ಯುರೋಪಿನಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್, ಪೊನ್ಸೊ 4ಆರ್ ಸೇರಿ ಆರು ಬಣ್ಣಗಳಿದ್ದರೆ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು ಅಂತ 2010ರಿಂದ ಪೊಟ್ಟಣದ ಮೇಲೆ ಎಚ್ಚರಿಕೆ ಹಾಕಲೇಬೇಕು. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮಕ್ಕಳ ಮೇಲೆ ಮಾಡಿದ ಅಧ್ಯಯನದ ನಂತರ ಬಂದ ನಿಯಮ ಅದು. ಇದನ್ನು ಹೇಳಿ ಯಾರನ್ನೂ ಹೆದರಿಸುವ ಆಸೆ ನನಗಿಲ್ಲ. ವರ್ಷಕ್ಕೊಂದು ಹುಟ್ಟುಹಬ್ಬದ ಕೇಕ್ ತಿಂದು ಯಾರಿಗೂ ಏನೂ ಆಗಲ್ಲ ಅನ್ನುವವರೂ ಇದ್ದಾರೆ. ಆದರೆ ಈಗಿನ ಮಕ್ಕಳು ವರ್ಷಕ್ಕೊಂದು ತಿನ್ನುತ್ತಾರಾ? ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ನಲವತ್ತು ಹುಟ್ಟುಹಬ್ಬ.

ಹಾಗಾದರೆ ಎಲ್ಲಾ ನೈಸರ್ಗಿಕ ಮಾಡಿಬಿಡಿ ಅಂತ ಸಲಹೆ ಕೊಡುವವರಿಗೂ ಎರಡು ಮಾತು. ಬೀಟ್‌ರೂಟ್ ಕ್ರೀಮಿನಲ್ಲಿ ಚೆಂದದ ಗುಲಾಬಿ ಕೊಡುತ್ತದೆ, ಪುಡಿ ರೂಪದಲ್ಲಿ ಹಾಕಿದರೆ ನೀರೂ ಬಿಡಲ್ಲ. ಆದರೆ ಕೇಕಿನ ಹಿಟ್ಟಿಗೆ ಹಾಕಿ ಬೇಯಿಸಿದರೆ ಬಿಸಿಗೆ ಕಂದಾಗುತ್ತದೆ. ಅರಿಶಿನ ಕ್ರೀಮಿಗೆ ಒಂದು ಚಿಟಿಕೆ ಸಾಕು, ಜಾಸ್ತಿಯಾದರೆ ಒಗ್ಗರಣೆ ನೆನಪಾಗುತ್ತದೆ. ಶಂಖಪುಷ್ಪದ ಹೂವು ಒಳ್ಳೇ ನೀಲಿ, ಅದಕ್ಕೆ ನಿಂಬೆ ಹುಳಿ ತಾಗಿದರೆ ನೇರಳೆ. ನನಗೆ ಇದು ತುಂಬಾ ಇಷ್ಟ, ಒಂದೇ ಹೂವಿನಿಂದ ಎರಡು ಬಣ್ಣ. ಹೂವನ್ನು ಬಿಸಿ ಹಾಲಿನಲ್ಲಿ ನೆನೆಸಿ, ಸೋಸಿ, ತಣ್ಣಗಾದ ಮೇಲೆ ಕ್ರೀಮಿಗೆ ಹಾಕಬೇಕು. ಎಲ್ಲವೂ ತಿಳಿಬಣ್ಣಗಳೇ. ಫೋಟೊದಲ್ಲಿರುವ ಕಡುನೀಲಿ ಇವುಗಳಿಂದ ಬರಲ್ಲ, ಬರುತ್ತೆ ಅಂತ ಹೇಳುವವರನ್ನು ನಂಬಬೇಡಿ.

ಕಪ್ಪು ಕೇಕ್ ಕೇಳುವವರು ಹೆಚ್ಚಾಗಿದ್ದಾರೆ, ಅದರಲ್ಲೂ ಕ್ರಿಕೆಟ್ ಸೀಸನ್ ಬಂದರೆ ಆರ್‌ಸಿಬಿ ಕೇಕ್ ಅಂತ ಕೆಂಪು ಕಪ್ಪು ಎರಡೂ. ಬಿಳಿ ಕ್ರೀಮನ್ನು ಕಪ್ಪು ಮಾಡುವುದು ಮೂರ್ಖತನ. ಅದು ಮೊದಲು ಬೂದಿ, ಆಮೇಲೆ ಕಡುಬೂದಿ, ಆಮೇಲೆ ಹಸಿರು ಮಿಶ್ರಿತ ಏನೋ ಒಂದು. ಡಾರ್ಕ್ ಚಾಕೊಲೇಟನ್ನು ಬಿಸಿ ಕ್ರೀಮಿನಲ್ಲಿ ಕರಗಿಸಿ ಮಾಡುವ ಗನಾಶ್‌ನಿಂದ ಅಥವಾ ಕೋಕೋ ಜಾಸ್ತಿ ಇರುವ ಕ್ರೀಮಿನಿಂದ ಶುರು ಮಾಡಿದರೆ ಮುಕ್ಕಾಲು ದಾರಿ ಅಲ್ಲೇ ಮುಗಿದಿರುತ್ತದೆ. ಕಪ್ಪು ಬಣ್ಣ ಹೆಸರಿಗೆ ಮಾತ್ರ ಬೇಕಾಗುತ್ತದೆ. ಅದೂ ಇಡೀ ಕೇಕಿಗೆ ಯಾಕೆ? ಒಳಗೆ, ಪದರಗಳ ನಡುವೆ ಬಿಳಿ ಕ್ರೀಮ್ ಇರಲಿ, ಹೊರಗೆ ಮಾತ್ರ ತೆಳ್ಳಗೆ ಬಣ್ಣದ್ದು ಬಳಿದರೆ ಒಟ್ಟು ಬಣ್ಣ ಎಷ್ಟೋ ಇಳಿಯುತ್ತದೆ, ನೋಡುವವರಿಗೆ ವ್ಯತ್ಯಾಸ ಗೊತ್ತಾಗಲ್ಲ.

ಅಂದಹಾಗೆ, ಬ್ಲ್ಯಾಕ್ ಫಾರೆಸ್ಟ್ ಮೇಲಿನ ಚೆರ್ರಿಯನ್ನೂ ಸುಮ್ನೆ ಬಿಡಬೇಡಿ. ನಮ್ಮಲ್ಲಿ ಚೆರ್ರಿ ಅಂತ ಡಬ್ಬಿಯಲ್ಲಿ ಸಿಗುವುದು ಎಷ್ಟೋ ಸಲ ಕವಳೆಕಾಯಿ. ಸಕ್ಕರೆ ಪಾಕದಲ್ಲಿ ಹಾಕಿ ಕೆಂಪು ಬಣ್ಣ ಕುಡಿಸಿರುತ್ತಾರೆ. ಸಕಲೇಶಪುರದ ಕಡೆ ಬೇಲಿಯಲ್ಲಿ ಕಿತ್ತು ತಿಂದ ಕವಳೆಹಣ್ಣಿನ ರುಚಿ ಗೊತ್ತಿದ್ದವರಿಗೆ ಹೊಟ್ಟೆ ಉರಿಯುತ್ತದೆ.

ನಮ್ಮ ಊರಿನವರಿಗೆ ಬೇಕರಿ ಹೊಸದೇನಲ್ಲ. ಹಾಸನ ಕಡೆಯ ಅಯ್ಯಂಗಾರ್ ಸಹೋದರರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ್ದು 1898ರಲ್ಲಿ. ಆಮೇಲೆ ಊರೂರಿಗೆ ಹರಡಿದ ಅಯ್ಯಂಗಾರ್ ಬೇಕರಿಗಳಲ್ಲಿ ನಾವೆಲ್ಲ ತಿಂದು ಬೆಳೆದ ಹನಿ ಕೇಕ್ ಮೇಲೆ ಜಾಮ್, ಅದರ ಮೇಲೆ ಕೊಬ್ಬರಿ ತುರಿ, ಮುಗೀತು. ಹುಟ್ಟುಹಬ್ಬದ ಕೇಕಿಗೆ ಬಿಳಿ ಐಸಿಂಗ್, ಮೂಲೆಯಲ್ಲಿ ಎರಡು ಗುಲಾಬಿ ಹೂವು, ನಾಲ್ಕು ಹಸಿರು ಎಲೆ. ಬಣ್ಣ ಅಷ್ಟೇ. ಹೂವು ಯಾರಿಗೆ ಅಂತ ಜಗಳ ಆಗುತ್ತಿತ್ತು. ಅವತ್ತಿನವರು ಏನೂ ಲೆಕ್ಕ ಹಾಕದೆಯೇ ಮಿತಿಯೊಳಗೆ ಇದ್ದರು ಅನ್ನಿಸುತ್ತದೆ, ಯಾಕೆಂದರೆ ಬಣ್ಣ ಬಿದ್ದದ್ದು ಹೂವಿಗೆ ಮಾತ್ರ. ಈಗ ಕೇಕ್ ಅಂದರೆ ಬುಡದಿಂದ ತುದಿವರೆಗೆ ಬಣ್ಣ, ಮೇಲೆ ಬಂಗಾರದ ಹೊಳಪು ಪುಡಿ ಬೇರೆ. ಆ ಪುಡಿಯ ಡಬ್ಬಿ ಮೇಲೆ ಎಷ್ಟೋ ಸಲ 'ಅಲಂಕಾರಕ್ಕೆ ಮಾತ್ರ' ಅಂತ ಇಂಗ್ಲಿಷಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅಂದರೆ ತಿನ್ನುವುದಕ್ಕಲ್ಲ. ಅದನ್ನೇ ಮಕ್ಕಳು ನೆಕ್ಕುತ್ತಾರೆ.

ಈಗ ಅಂಗಡಿಯವರಿಗೆ ಮತ್ತು ಇಲಾಖೆಯವರಿಗೆ. ಸಣ್ಣ ಊರುಗಳಲ್ಲಿ ಬೇಕರಿ ಸಾಮಾನು ಮಾರುವ ಕಡೆ ದೊಡ್ಡ ಡಬ್ಬದಿಂದ ಬಣ್ಣದ ಪುಡಿಯನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿ ಹತ್ತು ಇಪ್ಪತ್ತು ರೂಪಾಯಿಗೆ ಕೊಡುವುದನ್ನು ನಾನೇ ನೋಡಿದ್ದೇನೆ. ಹೆಸರಿಲ್ಲ, ನಂಬರಿಲ್ಲ, ತಾರೀಖಿಲ್ಲ. 'ತಿನ್ನೋದೇನಾ ಇದು?' ಅಂತ ಕೇಳಿದರೆ 'ಎಲ್ಲಾರೂ ತಗೊಂಡು ಹೋಗ್ತಾರಲ್ಲ ಮೇಡಂ' ಅನ್ನುವ ಉತ್ತರ. ರೋಡಮೈನ್‌ನಂಥವು ಅಡುಗೆಮನೆಗೆ ಬರುವುದು ಇಂಥ ಕವರುಗಳಿಂದಲೇ ಅಂತ ನನ್ನ ಅನುಮಾನ. ಬೇಕರಿಯಿಂದ ಕೇಕ್ ಮಾದರಿ ಒಯ್ದಷ್ಟೇ ಮುಖ್ಯವಾಗಿ ಈ ಕವರುಗಳನ್ನೂ ಒಯ್ಯಿರಿ. ಜೆಲ್ ಬಾಟಲಿಗಳಲ್ಲಿ ಬಣ್ಣದ ಪ್ರಮಾಣ ನೂರಕ್ಕೆ ಎಷ್ಟು ಅಂತ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರುವಂತೆ ಮಾಡಿ. ಅದು ಗೊತ್ತಿಲ್ಲದೆ 100 ಮಿಲಿಗ್ರಾಂ ಅನ್ನುವ ಮಿತಿ ನಮ್ಮ ಕೈಗೆ ಸಿಗುವುದೇ ಇಲ್ಲ.

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಕೊಂಡ ಮನೆ ಬೇಕರ್‌ಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರನ್ನು ವರ್ಷಕ್ಕೊಮ್ಮೆ ಕರೆದು, ಭಾಷಣ ಬಿಟ್ಟು, ಒಂದು ತಕ್ಕಡಿ, ಒಂದು ಬಟ್ಟಲು ಕ್ರೀಮ್, ನಾಲ್ಕು ಬಾಟಲಿ ಬಣ್ಣ ಮೇಜಿನ ಮೇಲಿಟ್ಟು ಮಿತಿಯೊಳಗಿನ ಕೆಂಪು ಹೇಗಿರುತ್ತದೆ, ಮಿತಿಯೊಳಗಿನ ನೀಲಿ ಹೇಗಿರುತ್ತದೆ ಅಂತ ಮಾಡಿ ತೋರಿಸಿ. ಅರ್ಧ ದಿನದ ಕೆಲಸ. ಆ ಬಣ್ಣಗಳ ಒಂದು ಫೋಟೊ ಚಾರ್ಟ್ ಅಚ್ಚು ಹಾಕಿ ಕೊಟ್ಟರಂತೂ ಗೋಡೆಗೆ ಅಂಟಿಸಿಕೊಳ್ಳುತ್ತೇವೆ. ಫೋಟೊ ತೋರಿಸಿ 'ಇದೇ ಬೇಕು' ಅನ್ನುವ ಗಿರಾಕಿಗೆ ತಿರುಗಿ ತೋರಿಸಲು ನಮಗೂ ಒಂದು ಫೋಟೊ ಇರುತ್ತದೆ.

ಅಲ್ಲಿವರೆಗೆ, ಕೇಕ್ ಹೇಳುವಾಗ ಬಣ್ಣದ ಹೆಸರಿನ ಜೊತೆ 'ತಿಳಿಯಾಗಿದ್ದರೂ ಪರವಾಗಿಲ್ಲ' ಅಂತ ಒಂದು ಮಾತು ಸೇರಿಸಿ ನೋಡಿ. ನಿಮ್ಮ ಬೇಕರಿಯವನು ಮೊದಲು ನಂಬುವುದಿಲ್ಲ, ಎರಡು ಸಲ ಕೇಳುತ್ತಾನೆ.

ಇಂತಿ,
ಮನೆಯಲ್ಲೇ ಕೇಕ್ ಮಾಡುವ ಒಬ್ಬ ಓದುಗಳು,
ಹಾಸನ